ಎಷ್ಟು ದೊಡ್ಡ ಗುಂಡು ಸಾಕು?

ಪೆನ್ಸಿಲ್ವೇನಿಯಾದಲ್ಲಿ ಜಿಂಕೆ ಬೇಟೆಯ ಸೀಸನ್‌ಗೆ ಮುಂಚೆ ಸಹೋದ್ಯೋಗಿಯೊಬ್ಬನ ಜೊತೆ ಕೋವಿ ಅಂಗಡಿಗೆ ಹೋಗಿದ್ದೆ. ಅವನಿಗೆ ಬೇಕಿದ್ದದ್ದು ಲಿವರ್ ಆಕ್ಷನ್ ರೈಫಲ್. ಹಳೇ ಕೌಬಾಯ್ ಸಿನಿಮಾಗಳಲ್ಲಿ ಟ್ರಿಗರ್ ಸುತ್ತಲಿನ ಹಿಡಿಯನ್ನ ಕೆಳಕ್ಕೆ ತಳ್ಳಿ ಮತ್ತೆ ಮೇಲಕ್ಕೆಳೀತಾರಲ್ಲ, ಅದೇ. ಗೊಂದಲ ಇದ್ದದ್ದು ಕ್ಯಾಲಿಬರ್ ಬಗ್ಗೆ: 1895ರಿಂದ ಬಳಕೆಯಲ್ಲಿರೋ .30-30 ಸಾಕೋ, ಅದಕ್ಕಿಂತ ದಪ್ಪ ಗುಂಡಿನ .45-70 ಬೇಕೋ?

"ದೊಡ್ಡದೇ ತಗೋ, ಪಾಪ, ಬೇಗ ಸಾಯುತ್ತೆ" ಅಂದೆ. ಅವನು ಒಪ್ಪಲಿಲ್ಲ. .45-70 ಹೆಗಲಿಗೆ ಜೋರಾಗಿ ಒದೆಯುತ್ತಂತೆ. ಆ ಒದೆತಕ್ಕೆ ಮೊದಲೇ ಹೆದರಿ ಕೈ ಅಲುಗಿದರೆ, ಎದೆಗೆ ಬೀಳಬೇಕಾದ ಗುಂಡು ಹೊಟ್ಟೆಗೆ ಬೀಳುತ್ತೆ. ಜಿಂಕೆ ಓಡಿಹೋಗಿ ಪೊದೆಯಲ್ಲಿ ಗಂಟೆಗಟ್ಟಲೆ ನರಳುತ್ತೆ. "ನನ್ನ ಕೈಯನ್ನ ನಾನು ನಂಬೋದು ನೂರು ಗಜದವರೆಗೆ. ಅಷ್ಟಕ್ಕೆ .30-30 ಧಾರಾಳ."

"ಅದರಾಚೆ ನಿಂತಿದ್ರೆ?"

"ಹೊಡೆಯಲ್ಲ."

ಕೊಲ್ಲೋದೇ ತಪ್ಪು ಅಂತ ವಾದಿಸಬಹುದಿತ್ತು. ಬೇಟೆ ನನಗೆ ಇವತ್ತಿಗೂ ಇಷ್ಟವಿಲ್ಲ. ಆದರೆ ಅವತ್ತು ಮಧ್ಯಾಹ್ನ ನಾನು ತಿಂದಿದ್ದು ಚಿಕನ್ ಬಿರಿಯಾನಿ. ಆ ಕೋಳಿ ಎಷ್ಟು ಹೊತ್ತು ಒದ್ದಾಡಿತು ಅಂತ ನಾನು ಯಾವತ್ತಾದರೂ ಲೆಕ್ಕ ಹಾಕಿದ್ದೆನಾ? ಇವನು ಜಿಂಕೆ ಕಾಣೋ ಮೊದಲೇ ಅದರ ಸಾವಿನ ಬಗ್ಗೆ ಯೋಚಿಸ್ತಾ ನಿಂತಿದ್ದ.

ಕೊನೆಗೆ .30-30 ತಗೊಂಡ. ಅಭ್ಯಾಸಕ್ಕೆ ಅಂತ ನಾಲ್ಕು ಡಬ್ಬಿ ತೋಟಾನೂ.