ಬಂಕಾಪುರದ ಕಲ್ಲುಗಳು

ಧ್ಯಾನವಾಕ್ಯ: ಇಬ್ರಿಯರಿಗೆ 13:14



ನಮ್ಮ ಸೀಮೆಯ ಒಂದು ಹಳ್ಳಿಯಲ್ಲಿ ಪ್ರಾರ್ಥನಾಲಯದ ಗೋಡೆ ಎದ್ದಿತು. ಗೋಡೆಯ ಸಂಗಡ ಜಗಳವೂ ಎದ್ದಿತು. ಬಾಗಿಲ ಮೇಲಣ ಕಲ್ಲಿನಲ್ಲಿ ಯಾರ ಹೆಸರನ್ನು ಮೊದಲು ಕೆತ್ತಬೇಕೆಂದು ಎರಡು ಮನೆಯವರು ವಾದಿಸಿ, ಕರ್ತನ ಭೋಜನದ ದಿನದಲ್ಲಿಯೂ ಒಬ್ಬರ ಮುಖವನ್ನೊಬ್ಬರು ನೋಡದೆ ಹೋದರು. ಅವರನ್ನು ಸಮಾಧಾನಪಡಿಸಲು ಹೋಗಿ ಸೋತ ನಾನು, ಹಿಂದಿರುಗುವಾಗ ಶಿಗ್ಗಾಂವಿ ತಾಲೂಕಿನ ಬಂಕಾಪುರದ ಕೋಟೆಯನ್ನು ಹೊಕ್ಕೆನು.

ಅಲ್ಲಿ ಅರವತ್ತಾರು ಕಂಬಗಳ ನಗರೇಶ್ವರ ದೇವಾಲಯವು ನಿಂತಿದೆ. ಕೋಟೆಯ ಬಯಲು 2006ರಿಂದ ನವಿಲುಗಳ ಧಾಮವಾಗಿದೆ. ರಾಷ್ಟ್ರಕೂಟರ ಅಮೋಘವರ್ಷನಿಗೆ ನಂಬಿಗಸ್ತನಾಗಿದ್ದ ಬಂಕೇಯನ ಹೆಸರನ್ನು ಈ ಊರು ಹೊತ್ತಿದೆ. ಮುಂದೆ ಚಾಲುಕ್ಯರೂ ಕದಂಬರೂ ಆಳಿದರು. 1573ರಲ್ಲಿ ಬಿಜಾಪುರದ ಅಲೀ ಆದಿಲಶಾಹನು ಗೆದ್ದನು. ಆಮೇಲೆ ಸವಣೂರಿನ ನವಾಬರು ಬಂದರು. ಕೋಟೆಯನ್ನು ಹಿಡಿದವರೆಲ್ಲರೂ ಹೋದರು. ಈಗ ಅದರೊಳಗೆ ನವಿಲು ಕೂಗುತ್ತದೆ.

ಆದರೆ ಪ್ರಿಯರೇ, ಈ ಊರಿನಲ್ಲಿ ಕೋಟೆಗಿಂತ ದೊಡ್ಡದೊಂದು ಇತ್ತು. ಹತ್ತನೆಯ ಶತಮಾನದಲ್ಲಿ ಅಜಿತಸೇನರೆಂಬ ಜೈನ ಗುರುಗಳು ಇಲ್ಲಿದ್ದರು. ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನು ಅವರ ಶಿಷ್ಯನು. ಗಂಗರ ಅರಸನಾದ ಮಾರಸಿಂಹನು ಅನೇಕ ಯುದ್ಧಗಳನ್ನು ಗೆದ್ದು, ನೊಳಂಬರನ್ನು ಮುರಿದು, ಅದರಿಂದಲೇ ಬಿರುದನ್ನು ಪಡೆದವನು. ಅವನು ರಾಜ್ಯವನ್ನು ತಾನಾಗಿಯೇ ಬಿಟ್ಟು, ಸುಮಾರು 974ರಲ್ಲಿ ಬಂಕಾಪುರಕ್ಕೆ ಬಂದು, ಆ ಗುರುಗಳ ಪಾದದ ಬಳಿಯಲ್ಲಿ ಮೂರು ದಿನ ಉಪವಾಸವ್ರತದಲ್ಲಿದ್ದು ಪ್ರಾಣಬಿಟ್ಟನೆಂದು ಶ್ರವಣಬೆಳಗೊಳದ ಕಂಬದ ಶಾಸನವು ಹೇಳುತ್ತದೆ.

ಆ ವ್ರತವು ನಮ್ಮ ಮಾರ್ಗವಲ್ಲ. ಆದರೂ ಕಿರೀಟವನ್ನು ತಾನೇ ಇಳಿಸಿಟ್ಟ ಅರಸನ ಮುಂದೆ, ಕಲ್ಲಿನ ಮೇಲಣ ಒಂದು ಸಾಲನ್ನು ಇಳಿಸಲಾರದ ನಾವು ಏನೆಂದು ನಿಲ್ಲೋಣ? ಅಜಿತಸೇನರು ಪಾಠ ಹೇಳಿದ ಮನೆಯ ಗೋಡೆ ನನಗೆ ಕಾಣಸಿಗಲಿಲ್ಲ. ಅವರು ತಿದ್ದಿದ ಶಿಷ್ಯನ ಕೆಲಸವನ್ನೋ ನಾಡೆಲ್ಲ ಇಂದಿಗೂ ಕಾಣುತ್ತದೆ. ಗೋಡೆಯು ಕೈಯಿಂದ ಕೈಗೆ ಹೋಗುವದು. ಮನುಷ್ಯನ ಹೃದಯದಲ್ಲಿ ಕಟ್ಟಿದ್ದು ಉಳಿಯುವದು. ಇಲ್ಲಿ ನಮಗೆ ನಿಲ್ಲುವ ಪಟ್ಟಣವಿಲ್ಲವೆಂದು ನಾವು ಬಾಯಿಂದ ಒಪ್ಪುತ್ತೇವೆ. ಕೈಯಲ್ಲಿ ಉಳಿಯನ್ನು ಹಿಡಿದಾಗ ಮಾತ್ರ ಮರೆಯುತ್ತೇವೆ.

ಮುಂದಿನ ವಾರ ನಾನು ಆ ಹಳ್ಳಿಗೆ ಹೋಗಿ ಇದನ್ನೇ ಹೇಳಿದೆನು. ಹಿರಿಯರಿಬ್ಬರೂ ತಲೆತಗ್ಗಿಸಿ ಕುಳಿತರು. ಯಾರೂ ಉತ್ತರ ಕೊಡಲಿಲ್ಲ. ಕಲ್ಲು ಇನ್ನೂ ಬರಿದಾಗಿಯೇ ಇದೆ. ಬರಿದಾಗಿಯೇ ಇರಲಿ, ಅದರ ಕೆಳಗೆ ಆ ಎರಡು ಮನೆಗಳ ಮಕ್ಕಳು ಒಂದೇ ಚಾಪೆಯ ಮೇಲೆ ಕುಳಿತು ಅಕ್ಷರ ಕಲಿಯಲಿ. ಪ್ರಿಯರೇ, ನಿಮ್ಮ ಊರಿನಲ್ಲಿಯೂ ಅಂಥ ಕಲ್ಲು ಉಂಟೋ? ಕೆತ್ತುವದಕ್ಕೆ ಮೊದಲು ಒಬ್ಬರ ಮನೆಗೊಬ್ಬರು ಹೋಗಿರಿ. ಆಮೆನ್.