ಹೆಸರಿಗಂಟಿದ ದಗದ

ದುಡಿಮೆ ಮನುಷ್ಯನನ್ನು ರೂಪಿಸುತ್ತದೆ ಅಂತ ಮಾರ್ಕ್ಸ್‌ವಾದಿಗಳೂ ಹೇಳುತ್ತಾರೆ, ಮಠದ ಸ್ವಾಮಿಗಳೂ ಹೇಳುತ್ತಾರೆ. ಇಬ್ಬರೂ ಒಂದೇ ಮಾತು ಹೇಳುವಾಗ ಕೇರಿಯ ಮನುಷ್ಯ ಸ್ವಲ್ಪ ಎಚ್ಚರಾಗಬೇಕು. ಯಾವ ದುಡಿಮೆ? ಯಾರನ್ನು? ಎಷ್ಟನೇ ವಯಸ್ಸಿನಿಂದ?

ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಕಡೆ ಯಾವ ಸಾಲಿಯ ಹಾಜರಿ ಪುಸ್ತಕ ಬೇಕಾದರೂ ತೆಗೆದು ನೋಡ್ರಿ. ಬಡಿಗೇರ, ಕಂಬಾರ, ಕುಂಬಾರ, ಹಡಪದ, ಮಡಿವಾಳರ, ತಳವಾರ, ವಾಲಿಕಾರ, ಮಾದರ. ಆ ಕಡೆ ಪಾಟೀಲ, ದೇಸಾಯಿ, ಕುಲಕರ್ಣಿ. ಆರು ವರ್ಷದ ಕೂಸು ಇನ್ನೂ ಅಕ್ಷರ ತಿದ್ದಿಲ್ಲ; ಅದರ ಮುತ್ಯಾನ ಮುತ್ಯಾ ಮಾಡಿದ ದಗದ ಆಗಲೇ ಹೆಸರಿನ ಹಿಂದೆ ಬಂದು ಕೂತಿರುತ್ತದೆ. ಪಾಟೀಲರ ಮಗ ಈಗ ಪಾಟೀಲಕಿ ಮಾಡುವುದಿಲ್ಲ, ಕುಲಕರ್ಣಿಯವರ ಮಗ ಊರ ಲೆಕ್ಕ ಬರೆಯುವುದಿಲ್ಲ. ಅವರಿಗೆ ಆ ಹೆಸರು ಒಡವೆ ಇದ್ದಂತೆ. ಮಾದರ ಅಂತ ಕೂಗಿದಾಗ ಮಾತ್ರ ಇಡೀ ವರ್ಗ ಹೊರಳಿ ನೋಡುತ್ತದೆ. ಕಾಯ್ದೆ ಏನೋ ಬಂತು. ವಂಶಪಾರಂಪರ್ಯದ ಊರ ಚಾಕರಿಗಳನ್ನು ರದ್ದು ಮಾಡುವ 1961ರ ಕಾಯ್ದೆ 1963ರ ಫೆಬ್ರುವರಿ 1ರಂದು ಜಾರಿಯಾಯಿತು. ಹುದ್ದೆ ಹೋಯಿತು. ಹೆಸರು ಹೋಗಲಿಲ್ಲ.

ಅಮೆರಿಕದಲ್ಲಿ ಮೆಲ್ವಿನ್ ಕೋನ್, ಕಾರ್ಮಿ ಸ್ಕೂಲರ್ ಅನ್ನುವ ಇಬ್ಬರು 1964ರಲ್ಲಿ ಮೂರು ಸಾವಿರಕ್ಕೂ ಹೆಚ್ಚು ದುಡಿಯುವ ಗಂಡಸರನ್ನು ಮಾತಾಡಿಸಿದರು. ಹತ್ತು ವರ್ಷದ ಮೇಲೆ ಅವರಲ್ಲೇ ಹಲವರನ್ನು ಮತ್ತೆ ಮಾತಾಡಿಸಿದರು. (ಹೆಂಗಸರನ್ನೂ ಕೇಳಬೇಕು ಅಂತ ಹೊಳೆಯುವುದಕ್ಕೆ ಆ ಹತ್ತು ವರ್ಷ ಬೇಕಾಯಿತು.) ಸ್ವಂತ ಬುದ್ಧಿ ಓಡಿಸಲು ಎಡೆ ಇರುವ, ತಲೆ ಮೇಲೆ ಯಾರೂ ನಿಂತಿರದ ಕೆಲಸ ಮಾಡುವವನ ಬುದ್ಧಿ ವರ್ಷ ಹೋದಂತೆ ಹರಿತವಾಗುತ್ತದೆ, ಹರಿತವಾದವನು ಮತ್ತೆ ಅಂಥ ಕೆಲಸವನ್ನೇ ಹಿಡಿಯುತ್ತಾನೆ. ಹೇಳಿದ್ದನ್ನು ಹೇಳಿದಷ್ಟೇ ಮಾಡುವವನು ಲೋಕವನ್ನೂ ಹಾಗೇ ಕಾಣುತ್ತಾನೆ, ಮಕ್ಕಳಿಗೂ ತಲೆತಗ್ಗಿಸುವುದನ್ನೇ ಕಲಿಸುತ್ತಾನೆ. ಇದು ಅವರಿಗೆ ಕಂಡದ್ದು. ನನಗೆ ಒಪ್ಪಿಗೆ ಇದೆ. ಆದರೆ ಆ ಗಂಡಸರು ಮನಸ್ಸು ಬಂದರೆ ಕಾರ್ಖಾನೆ ಬದಲಾಯಿಸಬಹುದಿತ್ತು. ತೊಟ್ಟಿಲಲ್ಲೇ ದಗದ ಹುಡುಕಿಕೊಂಡು ಬಂದು ಹಿಡಿದವರ ಮಾತೇನು?

ನಮ್ಮ ಮುತ್ಯಾ ಹಲಗಿ ಬಾರಿಸುತ್ತಿದ್ದ. ಮಿಣಿ, ಬಾರುಕೋಲು ಮಾಡುತ್ತಿದ್ದ. ತೊಗಲು ಮುಟ್ಟಿದರೆ ಸಾಕು, ಅದು ಎಷ್ಟು ದಿನ ತಡೆಯುತ್ತದೆ ಅಂತ ಹೇಳುತ್ತಿದ್ದ. ಹಲಗಿಯನ್ನು ಬೆಂಕಿಗೆ ಹಿಡಿದು ಕಾಯಿಸುವಾಗ ಬೆರಳಿನಿಂದ ತಟ್ಟಿ ತಟ್ಟಿ ದನಿ ಹುಡುಕುತ್ತಿದ್ದ. ಆ ಹೊತ್ತಿನಲ್ಲಿ ಅವನಿಗೆ ಹಿಂಗ ಮಾಡು, ಹಂಗ ಮಾಡು ಅನ್ನುವ ಗಂಡಸು ಊರಲ್ಲಿ ಇರಲಿಲ್ಲ. ಆದರೆ ಎಲ್ಲಿ ಬಾರಿಸಬೇಕು, ಯಾರ ಹೆಣದ ಮುಂದೆ, ಎಷ್ಟು ದೂರ ನಿಂತು, ಅದನ್ನೆಲ್ಲ ಊರು ಹೇಳುತ್ತಿತ್ತು. ರಾತ್ರಿ ಎರಡಕ್ಕೆ ಕರೆದರೂ ಎದ್ದು ಹೋಗಬೇಕು. ಹೀಗೆ ಒಂದೇ ಮೈಯೊಳಗೆ ಇಬ್ಬರು ಬೆಳೆದರು: ತೊಗಲಿನ ಎದುರು ಸೆಟೆದು ಕೂತ ಯಜಮಾನ, ಗೌಡರ ವಾಡೆಯ ಎದುರು ರುಮಾಲು ಬಿಚ್ಚಿ ನಿಂತ ಆಳು. ಎಪ್ಪತ್ತು ದಾಟಿದ ಮೇಲೆ ಕೈ ನಡುಗಿ ದಗದ ಬಿಟ್ಟುಹೋಯಿತು. ಬೆನ್ನಿನ ಬಾಗು ಬಿಡಲಿಲ್ಲ. ಗೌಡರ ಮೊಮ್ಮಗ ಮೋಟರ್‌ಸೈಕಲ್ ಮೇಲೆ ಹೋದರೂ ಕಟ್ಟೆಯಿಂದ ಎದ್ದು ನಿಲ್ಲುತ್ತಿದ್ದ. ಆ ಹುಡುಗ ನೋಡುತ್ತಲೂ ಇರಲಿಲ್ಲ.

ನಾನು ಹಲಗಿ ಹಿಡಿದವನಲ್ಲ, ಬಿ.ಎ. ಓದಿದವನು. ಆದರೂ ಕಚೇರಿಯ ಬಾಗಿಲಿಗೆ ಬಂದರೆ ನನ್ನ ದನಿ ತಾನಾಗಿ ಇಳಿಯುತ್ತದೆ. ಇದಕ್ಕೆ ಊರವರು ಇಟ್ಟಿರುವ ಹೆಸರು ಸ್ವಭಾವ. ‘ಆ ಮಂದಿ ಸ್ವಭಾವಾನೇ ಹಂಗರಿ, ಭಾಳ ನಯ’ ಅಂತಾರೆ. ಏಳು ತಲೆಮಾರು ಬಗ್ಗಿಸಿದವರು ಬಾಗಿದ್ದನ್ನು ಹುಟ್ಟುಗುಣ ಅಂತ ಮೆಚ್ಚಿಕೊಳ್ಳುತ್ತಾರೆ. ಜಾತಿ ಹಂಚಿರುವುದು ದುಡಿಮೆಯನ್ನಲ್ಲ, ದುಡಿಯುವವರನ್ನು ಅಂತ ಬಾಬಾಸಾಹೇಬರು 1936ರಲ್ಲಿ ‘ಜಾತಿ ವಿನಾಶ’ದಲ್ಲಿ ತೋರಿಸಿಕೊಟ್ಟರು. ಮನುಷ್ಯನ ಒಲವು, ಕಸುವು ಏನು ಅಂತ ಅಲ್ಲಿ ಯಾರೂ ಕೇಳುವುದೇ ಇಲ್ಲ. ಕೇಳದೆ ಹೊರಿಸಿದ ದಗದದಲ್ಲಿ ಮನಸ್ಸು ಹೇಗೆ ನಿಂತೀತು?

ಬಸವಣ್ಣ ಹುಟ್ಟಿದ ನೆಲ ನಮ್ಮದು. ಕಾಯಕದ ಮಾತು ಎತ್ತದೆ ಇಲ್ಲಿ ಒಂದು ಸಭೆಯೂ ಮುಗಿಯುವುದಿಲ್ಲ. ಎತ್ತುವವರು ಹೆಚ್ಚಾಗಿ ಸಗಣಿ ಮುಟ್ಟದವರು. ‘ನಿನ್ನ ಕಾಯಕ ನೀನು ಮಾಡು’ ಅಂದರೆ ಅವರ ಬಾಯಲ್ಲಿ ‘ನಿನ್ನ ಜಾಗದಲ್ಲಿ ನೀನಿರು’ ಅಂತ ಅರ್ಥ. ಹರಳಯ್ಯ ತೊಡೆಯ ತೊಗಲಿನಿಂದ ಚಮ್ಮಾವುಗೆ ಮಾಡಿದ ಕತೆಯನ್ನು ಕಣ್ಣೀರು ತಂದುಕೊಂಡು ಹೇಳುತ್ತಾರೆ. ಅವನ ಮಗ ಬ್ರಾಹ್ಮಣ ಮಧುವರಸನ ಮಗಳನ್ನು ಮದುವೆಯಾದದ್ದಕ್ಕೆ ಇಬ್ಬರು ತಂದೆಯರನ್ನೂ ಕಲ್ಯಾಣದಲ್ಲಿ ಕೊಲ್ಲಿಸಿದ್ದನ್ನು ಅವಸರದಲ್ಲಿ ದಾಟಿಬಿಡುತ್ತಾರೆ. ನನಗೆ ಹೆಚ್ಚು ಹಿಡಿಸುವವಳು ಆಯ್ದಕ್ಕಿ ಲಕ್ಕಮ್ಮ. ಚೆಲ್ಲಿದ ಅಕ್ಕಿ ಆಯುವುದು ಅವರ ಕಾಯಕ. ಗಂಡ ಒಂದು ದಿನ ಹೆಚ್ಚು ತಂದಾಗ, ಹೋಗಿ ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಅಂದಳು. ಬಡವಿ, ಆದರೆ ಬೇಡ ಅನ್ನುವ ಹಕ್ಕು ಅವಳ ಕೈಯಲ್ಲಿತ್ತು. ಆ ಹಕ್ಕು ಕಿತ್ತುಕೊಂಡ ಮೇಲೆ ಕಾಯಕ ಅನ್ನುವುದು ಬಿಟ್ಟಿಚಾಕರಿಗೆ ಉಡಿಸಿದ ಮಡಿ.

ಕೇರಿಯ ಹುಡುಗರು ಊರಿನ ಹೆಣಕ್ಕೆ, ಊರಿನ ಜಾತ್ರೆಗೆ ಹಲಗಿ ಇಲ್ಲ ಅಂತ ಕೂತಾಗ ಹೆಚ್ಚು ಸಿಟ್ಟಾದವನು ಗೌಡನಲ್ಲ, ಮುತ್ಯಾ. ‘ನನ್ನ ಕೈ ಕಡದಂಗ ಮಾಡಿದ್ರಲ್ಲೋ’ ಅಂದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಅರವತ್ತು ವರ್ಷದ ದುಡಿತದಲ್ಲಿ ಅವನು ತನ್ನದು ಅಂತ ಗಳಿಸಿದ್ದು ಅದೊಂದೇ ದನಿ. ಹುಡುಗರದೂ ಸುಳ್ಳಲ್ಲ. 1927ರಲ್ಲಿ ಮಹಾಡದಲ್ಲಿ ಅಂಬೇಡ್ಕರರು ಸತ್ತ ದನದ ಬಾಡು ಬಿಡ್ರಿ ಅಂದಾಗಲೂ ಎಷ್ಟು ಮುದುಕರಿಗೆ ಹೊಟ್ಟೆಗಿಂತ ಎದೆ ಉರಿದಿರಬೇಕು. ಈಗ ಅದೇ ಹಲಗಿ ಏಪ್ರಿಲ್ 14ಕ್ಕೆ ನಮ್ಮ ಓಣಿಯಲ್ಲಿ ಬಾರಿಸುತ್ತದೆ. ಅದೇ ಪೆಟ್ಟು, ಅದೇ ತೊಗಲು. ಬಾರಿಸುವ ಹುಡುಗನ ಕುತ್ತಿಗೆ ಮಾತ್ರ ಬೇರೆ ಥರ ನಿಂತಿರುತ್ತದೆ. ಕೈ ಕಲಿತದ್ದನ್ನು ಬಿಡಬೇಕಾಗಿಲ್ಲ. ಕರೆದಾಗ ಒಲ್ಲೆ ಅನ್ನಲು ಬರದ ಸ್ಥಿತಿಯನ್ನು ಬಿಡಬೇಕು. ಇವೆರಡು ಮುತ್ಯಾನ ಮೈಯಲ್ಲಿ ಹೆಣೆದುಕೊಂಡುಬಿಟ್ಟಿದ್ದವು, ಬಿಡಿಸಲು ನಮಗಾಗಲಿಲ್ಲ.

ಗೋವಾಕ್ಕೆ, ಪುಣೆಗೆ, ಬೆಂಗಳೂರಿಗೆ ದುಡಿಯಲು ಹೋದವರು ಬೇರೆಯಾಗಿ ಬರುತ್ತಾರೆ. ಅಲ್ಲಿ ಮುಕಾದಮನಿಗೆ ಬೇಕಾದ್ದು ಹಾಜರಿ, ಅಡ್ಡಹೆಸರಲ್ಲ. ಸಿಮೆಂಟು ಹೊತ್ತು ಬೆನ್ನು ಮುರಿಯುತ್ತದೆ, ಬಾಗುವುದಿಲ್ಲ. ಹಾಗಂತ ಅದನ್ನು ಬಿಡುಗಡೆ ಅನ್ನಲಾರೆ. ತಲೆ ಮೇಲೆ ನಿಲ್ಲುವವನು ಅಲ್ಲಿಯೂ ಇದ್ದಾನೆ.

ಮನುಷ್ಯನ ಗುಣ ಇಪ್ಪತ್ತು ದಾಟಿದರೆ ಗಟ್ಟಿಯಾಯಿತು, ಮುಂದೆ ಬದಲಾಗದು ಅನ್ನುವವರಿದ್ದಾರೆ. ನಮ್ಮವ್ವನಿಗೆ ಐವತ್ತು ದಾಟಿದೆ. ಇಂಡಿ ಕಡೆ ನಿಂಬಿ ತೋಟದಲ್ಲಿ ಕೂಲಿ. ಮುಳ್ಳು ಗೀರಿದ ಮುಂಗೈ. ‘ಅವ್ವಾ, ನಿನಗ ಯಾವ ದಗದ ಸೇರ್ತದ?’ ಅಂತ ಕೇಳಿದರೆ ನಕ್ಕಳು: ‘ಸೇರೋದು ಬಿಡೋದು ಇದ್ರ ಅದಕ್ಕ ಕೂಲಿ ಅಂತಾರೇನೋ ತಮ್ಮಾ?’ ಇಷ್ಟು ಹೇಳಿದವಳೇ ಈ ಬ್ಯಾಸಗಿಯಲ್ಲಿ ಒಂದು ತೋಟಕ್ಕೆ ಹೋಗುವುದು ಬಿಟ್ಟಳು. ಅಲ್ಲಿ ನೀರನ್ನು ಮೇಲಿಂದ ಬೊಗಸೆಗೆ ಹನಿಸುತ್ತಿದ್ದರು, ಚರಗಿ ಕೊಡುತ್ತಿರಲಿಲ್ಲ. ಈಗ ಒಂದು ಹರದಾರಿ ಆಚೆಯ ತೋಟಕ್ಕೆ ನಡೆದು ಹೋಗುತ್ತಾಳೆ. ಕೂಲಿ ಅಷ್ಟೇ. ಜೊತೆಗೆ ಓಣಿಯ ಮೂವರು ಹೆಣ್ಣುಮಕ್ಕಳನ್ನೂ ಕರೆದುಕೊಂಡು ಹೋಗುತ್ತಾಳೆ.