ಋಣಕ್ಕೆ ಓಟು ಕೊಡಬಹುದೇ?

ಕಳೆದ ಬಾರಿ ನಮ್ಮ ವಾರ್ಡಿನ ಪುರಸಭಾ ಸದಸ್ಯರು ಓಟು ಕೇಳಲು ಬಂದು ಬಾಗಿಲಲ್ಲೇ ನಿಂತರು. ಅದು ಅವರ ನಾಲ್ಕನೆಯ ಸ್ಪರ್ಧೆ. ನಡುವೆ ಒಮ್ಮೆ ವಾರ್ಡು ಮಹಿಳೆಯರಿಗೆ ಮೀಸಲಾದಾಗ ಅವರ ಬೀವಿ ನಿಂತು ಗೆದ್ದಿದ್ದರು. ಆಗಲೂ ಜನ ಅರ್ಜಿ ಹಿಡಿದು ಹೋಗುತ್ತಿದ್ದುದು ಇವರ ಬಳಿಗೇ. ಅವರು ಏನೂ ಹೇಳಲಿಲ್ಲ, ಸಲಾಮ್ ಹೇಳಿ ಕೈಮುಗಿದರು ಅಷ್ಟೇ. ಜೊತೆಗಿದ್ದ ಹುಡುಗನೊಬ್ಬ, "ಅಮ್ಮೀಜಾನ್ ತೀರಿಕೊಂಡಾಗ ಸರ್ಟಿಫಿಕೇಟು ಒಂದೇ ದಿನಕ್ಕೆ ಮಾಡಿಸಿಕೊಟ್ಟದ್ದು ಭಾಯೀನೇ ಅಲ್ವಾ ಸಾರ್?" ಎಂದ.

ಸುಳ್ಳಲ್ಲ. ಅಂದು ಜನಾಜಾಕ್ಕೆ ಹೆಗಲು ಕೊಟ್ಟವರಲ್ಲೂ ಅವರೊಬ್ಬರು. ಉರ್ದುವಿನಲ್ಲಿ ಉಪ್ಪಿನ ಮಾತು, ಕನ್ನಡದಲ್ಲಿ ಉಂಡ ಮನೆಯ ಮಾತು. ನಾನು ಕಲಿತ ಎರಡೂ ಭಾಷೆಗಳು ಉಪಕಾರ ಮರೆಯಬಾರದೆಂದೇ ಹೇಳಿಕೊಟ್ಟಿವೆ. ಆದರೆ ನಾನು ಉಂಡ ಉಪ್ಪು ಯಾರದು?

ಕರ್ನಾಟಕದಲ್ಲಿ 2011ರ ಸಕಾಲ ಕಾಯ್ದೆ ಇದೆ. ಇಂತಿಂಥ ಸೇವೆ ಇಷ್ಟು ದಿನಗಳೊಳಗೆ ಸಿಗಲೇಬೇಕು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಪರಿಹಾರ ಕೇಳಬಹುದು. ಅಂದರೆ ಆ ಕಾಗದ ನನ್ನ ಹಕ್ಕಾಗಿತ್ತು. ಹಕ್ಕು ಒಬ್ಬರ ಕೈ ಹಾದು ಬಂದದ್ದರಿಂದ ಋಣವಾಯಿತು. ಅದೇ ದಿನ ಕಚೇರಿಯ ಬೆಂಚಿನ ಮೇಲೆ ಹಿಂದಿನ ಗಲ್ಲಿಯ ಖಾಲಾ ಕೂತಿದ್ದರು. ಬೀಡಿ ಕಟ್ಟಿ ಬದುಕುವ ವಿಧವೆ. ಪಿಂಚಣಿಗೆ ಗಂಡನ ಮರಣಪತ್ರ ಬೇಕಿತ್ತು, ತಿಂಗಳುಗಳಿಂದ ಅಲೆಯುತ್ತಿದ್ದರು. ಅವರ ಮೈದುನ ಎದುರು ಪಕ್ಷಕ್ಕೆ ಓಡಾಡಿದ್ದನೆಂದು ಆಮೇಲೆ ತಿಳಿಯಿತು. ನಾನು ಅವರ ಮುಂದೆಯೇ ಹಾದುಹೋಗಿ ಕಾಗದ ಪಡೆದುಕೊಂಡು ಬಂದೆ. ಸದಸ್ಯರು ನನಗೆ ಕೊಟ್ಟದ್ದು ಖಾಲಾನ ಸರದಿಯನ್ನು. ಹಾಗಿದ್ದರೆ ನಾನು ಯಾರ ಸಾಲಗಾರ?

ಸದಸ್ಯರು ಕೆಟ್ಟವರೆಂದು ಹೇಳುತ್ತಿಲ್ಲ. ಈಗಲೂ ಹಳೆಯ ಸ್ಕೂಟರಿನಲ್ಲೇ ಓಡಾಡುತ್ತಾರೆ. ಅರ್ಜಿ ಬರೆಯಲು ಬಾರದವರಿಗೆ, ಗುಮಾಸ್ತನ ಗದರಿಕೆಗೆ ಹೆದರುವವರಿಗೆ, ದಾರಿ ಬಲ್ಲವನೊಬ್ಬ ಬೇಕೇ ಬೇಕು. ಕಾಯ್ದೆಯನ್ನು ಓದಿಕೊಂಡ ನನ್ನಂಥವನೇ ಅವರ ಬಳಿಗೆ ಹೋಗಿದ್ದೆನಲ್ಲ! ಆದರೆ ಇಪ್ಪತ್ತು ವರ್ಷ ದಾರಿ ತೋರಿಸಿದವರು ಒಮ್ಮೆಯಾದರೂ ಆ ದಾರಿಯನ್ನು ಎಲ್ಲರಿಗೂ ತೆರೆದಿಡಲಿಲ್ಲ ಏಕೆ? ತೆರೆದಿಟ್ಟಿದ್ದರೆ ಬೆಳಿಗ್ಗೆ ಅವರ ಜಗಲಿಯಲ್ಲಿ ಯಾರೂ ಕಾಯುತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ಅಬ್ದುಲ್ ನಜೀರ್ ಸಾಬ್ ನೆನಪಾಗುತ್ತಾರೆ. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಮಂತ್ರಿಯಾಗಿ ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿದ ಅವರನ್ನು ಜನ 'ನೀರ್ ಸಾಬ್' ಎಂದರು. ಕೈಪಂಪು ಒತ್ತಿದವರಿಗೆಲ್ಲ ನೀರು ಬಂತು, ಯಾರ ಚೀಟಿಯೂ ಬೇಕಿರಲಿಲ್ಲ. 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆಯುವಂತೆ ಮಾಡಿ, ಮರುವರ್ಷವೇ ತೀರಿಕೊಂಡರು. ಅಧಿಕಾರ ನಮ್ಮ ಓಣಿಯ ಹತ್ತಿರಕ್ಕೇನೋ ಬಂತು. ಬಂದು ಒಬ್ಬರ ಜಗಲಿಯಲ್ಲಿ ಕೂತುಬಿಟ್ಟಿತೇನೋ ಎಂಬ ಅನುಮಾನ ನನ್ನದು.

ಮತದಾನದ ದಿನ ಸಾಲಿನಲ್ಲಿ ಖಾಲಾ ನನ್ನ ಪಕ್ಕದಲ್ಲೇ ಇದ್ದರು. ಯಾರಿಗೆಂದು ಕೇಳಬಾರದಿತ್ತು, ಕೇಳಿಬಿಟ್ಟೆ.

"ಅವರಿಗೇ ಬೇಟಾ," ಎಂದರು. "ಮನೆಯ ಖಾತೆ ಇನ್ನೂ ಆಗಬೇಕಲ್ಲ."